ಉಪ್ಪಿನಿಂದ ಕ್ಲೋರಿನ್ ಮಾಡುವ ಮಿಷನ್ ಕೈಕೊಟ್ಟಾಗ: ಮನೆ ಪೂಲ್‌ನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹೊರವಲಯದ ಮನೆಗಳಿಂದ, ಸಕಲೇಶಪುರ ಮತ್ತು ಕೊಡಗಿನ ಹೋಮ್‌ಸ್ಟೇಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಮೊದಲ ಮಾತು ಒಂದೇ: "ಮಿಷನ್ ಹಾಳಾಗಿದೆ, ಬಂದು ನೋಡಿ." ಹೋಗಿ ನೋಡಿದರೆ ಬಹಳ ಸಲ ಮಿಷನ್ ಚೆನ್ನಾಗಿಯೇ ಇರುತ್ತದೆ, ಕೆಟ್ಟಿರುವುದು ನೀರು. ಅದಕ್ಕೇ ಇಲ್ಲಿ ಸ್ಕ್ರೂಡ್ರೈವರ್‌ಗಿಂತ ಟೆಸ್ಟ್ ಕಿಟ್ ಮಾತೇ ಜಾಸ್ತಿ. ಲೆಕ್ಕಗಳಿಗೆಲ್ಲ ಒಂದೇ ಪೂಲ್ ಇಟ್ಟುಕೊಂಡಿದ್ದೇನೆ: 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳ, ಅಂದರೆ ಸುಮಾರು 45 ಸಾವಿರ ಲೀಟರ್ ನೀರು. ನಿಮ್ಮದು ಚಿಕ್ಕದೋ ದೊಡ್ಡದೋ ನೋಡಿ ಲೆಕ್ಕ ಹೊಂದಿಸಿಕೊಳ್ಳಿ.

## ಶುರುವಿನ ಪ್ರಶ್ನೆಗಳು

ಉಪ್ಪು ನೀರಿನ ಪೂಲ್ ಅಂದ್ರೆ ಕ್ಲೋರಿನ್ ಇಲ್ಲ ಅಂತಲೇ ತಾನೆ? ಹಾಗಂತಲೇ ಹಾಕಿಸಿದ್ದು.

ಅಲ್ಲ. ಇದೂ ಕ್ಲೋರಿನ್ ಪೂಲೇ. ಹೊರಗಿನಿಂದ ತಂದು ಸುರಿಯುವ ಬದಲು ಕ್ಲೋರಿನ್ ಅನ್ನು ಅಲ್ಲೇ ತಯಾರು ಮಾಡಿಕೊಳ್ಳುತ್ತೀರಿ, ಅಷ್ಟೇ ವ್ಯತ್ಯಾಸ. ಪೈಪಿನ ನಡುವೆ ಕೂತಿರುವ ಸೆಲ್‌ನಲ್ಲಿ ಟೈಟಾನಿಯಂ ಪ್ಲೇಟುಗಳಿವೆ. ಅವುಗಳ ಮೇಲೆ ರುಥೇನಿಯಂ, ಇರಿಡಿಯಂ ಆಕ್ಸೈಡ್‌ಗಳ ತೆಳು ಲೇಪನ ಇರುತ್ತದೆ. ಉಪ್ಪು ಕರಗಿದ ನೀರು ಅವುಗಳ ಮಧ್ಯೆ ಹರಿಯುವಾಗ ಡಿಸಿ ಕರೆಂಟು ಕೊಟ್ಟರೆ ಒಂದು ಪ್ಲೇಟಿನಲ್ಲಿ ಕ್ಲೋರಿನ್ ಹುಟ್ಟುತ್ತದೆ, ಎದುರು ಪ್ಲೇಟಿನಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಆ ಕ್ಲೋರಿನ್ ಕೊಳೆಯನ್ನೂ ಪಾಚಿಯನ್ನೂ ಕೊಂದ ಮೇಲೆ ಮತ್ತೆ ಉಪ್ಪಾಗಿ ನೀರಿಗೇ ಸೇರುತ್ತದೆ. ಆದ್ದರಿಂದ ಉಪ್ಪು ಖರ್ಚಾಗುವುದಿಲ್ಲ. ಬ್ಯಾಕ್‌ವಾಶ್‌ನಲ್ಲಿ (ಫಿಲ್ಟರ್‌ಗೆ ಉಲ್ಟಾ ನೀರು ಹರಿಸಿ ತೊಳೆಯುವುದು), ಮಕ್ಕಳು ಎರಚಾಡಿದಾಗ, ಮಳೆಗೆ ಪೂಲ್ ತುಂಬಿ ಹರಿದಾಗ ಹೊರಗೆ ಹೋಗುತ್ತದೆ. ಬಿಸಿಲಿಗೆ ನೀರು ಆವಿಯಾದರೆ ಉಪ್ಪು ಹೋಗುವುದಿಲ್ಲ. ಮಳೆಯೂ ಇಲ್ಲದೆ, ಬ್ಯಾಕ್‌ವಾಶ್ ಕೂಡ ಮಾಡದೆ ಉಪ್ಪು ತಿಂಗಳು ತಿಂಗಳೂ ಇಳಿಯುತ್ತಿದ್ದರೆ ಪೂಲ್ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಎಷ್ಟು ಉಪ್ಪು ಹಾಕಬೇಕು? ಸಮುದ್ರದ ನೀರಿನ ಹಾಗೆ ಆಗಬೇಕಾ?

ಬೇಡಪ್ಪಾ. ಸಮುದ್ರದ ನೀರು ಸುಮಾರು 35,000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 35,000 ಪಾಲು ಉಪ್ಪು. ಮನೆ ಪೂಲ್‌ನ ಹೆಚ್ಚಿನ ಮಿಷನ್‌ಗಳಿಗೆ 3,000ದಿಂದ 4,000 ಸಾಕು. ಕಣ್ಣೀರು ಕೂಡ ಅದಕ್ಕಿಂತ ಉಪ್ಪು. ನಿಮ್ಮ ಮಿಷನ್‌ಗೆ ಎಷ್ಟು ಬೇಕು ಎಂಬುದು ಅದರ ಪುಸ್ತಕದಲ್ಲೇ ಇದೆ, ಅದೇ ಕೊನೆಯ ಮಾತು.

ಲೆಕ್ಕ ಸುಲಭ. ಸಾವಿರ ಲೀಟರಿಗೆ 1 ಕಿಲೋ ಉಪ್ಪು ಹಾಕಿದರೆ 1,000 ಪಿಪಿಎಂ ಏರುತ್ತದೆ. ನಮ್ಮ 45 ಸಾವಿರ ಲೀಟರಿನ ಪೂಲ್ ಸೊನ್ನೆಯಿಂದ 3,200ಕ್ಕೆ ಹೋಗಲು 144 ಕಿಲೋ ಬೇಕು. 300 ಪಿಪಿಎಂ ಏರಿಸಲು 13.5 ಕಿಲೋ. ಒಂದೇ ಸಲ ಪೂರ್ತಿ ಸುರಿಯಬೇಡಿ. ಮುಕ್ಕಾಲು ಭಾಗ ಹಾಕಿ, ಮಿಷನ್ ಆಫ್ ಇಟ್ಟು ಪಂಪ್ ಮಾತ್ರ 24 ಗಂಟೆ ಓಡಿಸಿ, ಅಳೆದು, ಉಳಿದದ್ದನ್ನು ಆಮೇಲೆ ಹಾಕಿ. ಹಾಕುವುದು ಸುಲಭ, ತೆಗೆಯಲು ನೀರು ಚೆಲ್ಲುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಹೊಸದಾಗಿ ಪ್ಲಾಸ್ಟರ್ ಮಾಡಿದ ಪೂಲ್ ಆದರೆ ಒಂದು ತಿಂಗಳು ಉಪ್ಪಿನ ಸುದ್ದಿಗೇ ಹೋಗಬೇಡಿ.

ಅಂಗಡಿಯ ಕಲ್ಲುಪ್ಪು ಹಾಕಿದ್ರೆ ಏನು ತೊಂದರೆ? ಉಪ್ಪು ಉಪ್ಪೇ ಅಲ್ವಾ?

ಅಡುಗೆಗೆ ಹೌದು, ಸೆಲ್‌ಗೆ ಅಲ್ಲ. ಕಲ್ಲುಪ್ಪಿನಲ್ಲಿ ಮಣ್ಣು, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಇರುತ್ತವೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಗದ್ದೆಯಿಂದ ಬಂದ ಕಂದು ಉಪ್ಪು ಉಪ್ಪಿನಕಾಯಿಗೆ ಬಹಳ ಚೆನ್ನ, ಪೂಲ್‌ಗೆ ಹಾಕಿ ಹಾಳು ಮಾಡಬೇಡಿ. ಪುಡಿ ಉಪ್ಪಿನಲ್ಲಿ ಅಯೋಡಿನ್ ಮತ್ತು ಗಂಟು ಕಟ್ಟದಂತೆ ಬೆರೆಸಿದ ಪದಾರ್ಥ ಇರುತ್ತದೆ, ಅದೂ ಬೇಡ. 99 ಶೇಕಡಾಕ್ಕಿಂತ ಶುದ್ಧವಾದ, ಅಯೋಡಿನ್ ಇಲ್ಲದ ಉಪ್ಪು ಬೇಕು. ಬೋರ್‌ವೆಲ್ ನೀರಿನ ಸಾಫ್ಟ್‌ನರ್‌ಗೆ ಮಾರುವ ಶುದ್ಧ ಉಪ್ಪು ಇದಕ್ಕೂ ಆಗುತ್ತದೆ. ಚೀಲದ ಮೇಲೆ ಬೇರೆ ಏನಾದರೂ ಬೆರೆಸಿದ್ದಾರಾ ಎಂದು ಓದಿಕೊಳ್ಳಿ.

ದಿನಕ್ಕೆ ಎಷ್ಟು ಗಂಟೆ ಓಡಿಸಬೇಕು?

ಬಿಸಿಲಿನಲ್ಲಿರುವ ಪೂಲ್ ದಿನಕ್ಕೆ 2ರಿಂದ 4 ಪಿಪಿಎಂ ಕ್ಲೋರಿನ್ ತಿನ್ನುತ್ತದೆ. 3 ಎಂದಿಟ್ಟುಕೊಳ್ಳಿ. ನಮ್ಮ ಪೂಲ್‌ಗೆ ಅದು 135 ಗ್ರಾಂ. ನಿಮ್ಮ ಸೆಲ್ ಗಂಟೆಗೆ 20 ಗ್ರಾಂ ಮಾಡುವುದಾದರೆ ಪೂರ್ತಿ ಶಕ್ತಿಯಲ್ಲಿ 8 ಗಂಟೆಗೆ 160 ಗ್ರಾಂ. ಸಾಕಾಗುತ್ತದೆ, ಆದರೆ ಕೈಯಲ್ಲಿ ಜಾಸ್ತಿ ಉಳಿಯುವುದಿಲ್ಲ. ಸೆಲ್ 10 ಗ್ರಾಂನದ್ದಾದರೆ 8 ಗಂಟೆಗೆ 80 ಗ್ರಾಂ, ಸಾಲದು. ಇಂಥ ಪೂಲ್‌ಗಳಲ್ಲಿ ಮಿಷನ್ ಕೆಟ್ಟಿಲ್ಲ, ಚಿಕ್ಕದಾಯಿತು ಅಷ್ಟೇ. ಕೊಳ್ಳುವಾಗ ಲೆಕ್ಕ ಹಾಕಿದ ಗಾತ್ರಕ್ಕಿಂತ ಒಂದು ಮೆಟ್ಟಿಲು ದೊಡ್ಡದನ್ನೇ ತೆಗೆದುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

## ಕ್ಲೋರಿನ್ ಬರ್ತಿಲ್ಲ

ಹಸಿರು ದೀಪ ಉರೀತಿದೆ, ಗುಳ್ಳೆನೂ ಬರ್ತಿದೆ. ಟೆಸ್ಟ್ ಮಾಡಿದ್ರೆ ಕ್ಲೋರಿನ್ ಸೊನ್ನೆ. ಸೆಲ್ ಹೋಯ್ತಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಹೇಳುವ ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ಮನೆಯಲ್ಲಿ ಇದೇ ಲಕ್ಷಣ ನೋಡಿ ಹೊಸ ಸೆಲ್ ಹಾಕಿಸಿದೆ. ವಾರದ ನಂತರವೂ ಕ್ಲೋರಿನ್ ಸೊನ್ನೆಯೇ. ನೀರಿನಲ್ಲಿ ಸೈಯನ್ಯೂರಿಕ್ ಆಸಿಡ್, ಅಂದರೆ ಕ್ಲೋರಿನ್ ಅನ್ನು ಬಿಸಿಲಿನಿಂದ ಕಾಯುವ ಸ್ಟೆಬಿಲೈಜರ್, ಒಂದು ಚೂರೂ ಇರಲಿಲ್ಲ. ಮಿಷನ್ ಮಾಡಿದ ಕ್ಲೋರಿನ್ ಅನ್ನು ಬಿಸಿಲು ಹೀರುತ್ತಿತ್ತು. ಹಳೇ ಸೆಲ್ ಈಗಲೂ ನನ್ನ ಶೆಡ್‌ನಲ್ಲಿದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಈಗ ನಾನು ಹೋಗುವ ದಾರಿ ಹೀಗೆ. ಮೊದಲು, ಟೆಸ್ಟ್ ಸರಿಯಾಗಿದೆಯಾ? ಗುಲಾಬಿ ಬಣ್ಣ ಬರುವ ಡಿಪಿಡಿ ಟೆಸ್ಟ್‌ನಲ್ಲಿ ಒಂದು ಮೋಸ ಇದೆ. ಕ್ಲೋರಿನ್ ಸುಮಾರು 10 ಪಿಪಿಎಂ ದಾಟಿದರೆ ಅದು ಬಣ್ಣವನ್ನೇ ಅಳಿಸಿಬಿಡಬಹುದು. ಆಗ ನೀರು ತಿಳಿಯಾಗಿ ಕಂಡು "ಸೊನ್ನೆ" ಅನ್ನಿಸುತ್ತದೆ. ಹನಿ ಬಿದ್ದ ಕೂಡಲೇ ಗುಲಾಬಿ ಮಿಂಚಿ ಮಾಯವಾದರೆ ಇದೇ ಕತೆ. ಪೂಲ್ ನೀರಿಗೆ ಅಷ್ಟೇ ಕುಡಿಯುವ ನೀರು ಬೆರೆಸಿ ಮತ್ತೆ ಟೆಸ್ಟ್ ಮಾಡಿ, ಬಂದದ್ದನ್ನು ಎರಡರಿಂದ ಗುಣಿಸಿ.

ಎರಡನೆಯದು, ಸೆಲ್‌ನ ನಿಜವಾದ ಪರೀಕ್ಷೆ. ಮಿಷನ್ ಪೂರ್ತಿ ಶಕ್ತಿಯಲ್ಲಿ ಓಡುವಾಗ, ಫಿಲ್ಟರ್‌ನಿಂದ ನೀರು ಪೂಲ್‌ಗೆ ವಾಪಸ್ ಬೀಳುವ ಬಾಯಿಯ ಹತ್ತಿರವೇ ಒಂದು ಲೋಟ ನೀರು ಹಿಡಿಯಿರಿ. ಪೂಲ್‌ನ ಇನ್ನೊಂದು ತುದಿಯಿಂದ ಇನ್ನೊಂದು ಲೋಟ. ಎರಡನ್ನೂ ಟೆಸ್ಟ್ ಮಾಡಿ. ಪಂಪ್ ಗಂಟೆಗೆ 10 ಸಾವಿರ ಲೀಟರ್ ಹರಿಸಿ, ಸೆಲ್ ಗಂಟೆಗೆ 20 ಗ್ರಾಂ ಮಾಡಿದರೆ ಬಾಯಿಯ ನೀರಿನಲ್ಲಿ 2 ಪಿಪಿಎಂ ಜಾಸ್ತಿ ಇರಲೇಬೇಕು. ಇದ್ದರೆ ಸೆಲ್ ಬದುಕಿದೆ. ಇಲ್ಲದಿದ್ದರೆ ಮಾತ್ರ ಸೆಲ್, ಬೋರ್ಡು ನೋಡುವ ಮಾತು.

ಸೆಲ್ ಬದುಕಿದ್ದೂ ಕ್ಲೋರಿನ್ ನಿಲ್ಲುತ್ತಿಲ್ಲ ಎಂದರೆ ಯಾರು ತಿನ್ನುತ್ತಿದ್ದಾರೆ ಎಂದು ಹುಡುಕಬೇಕು. ಬಿಸಿಲೋ, ಪಾಚಿಯೋ? ಇದಕ್ಕೆ ಒಂದು ರಾತ್ರಿ ಸಾಕು. ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವ ಕ್ಲೋರಿನ್) ಹಾಕಿ ಕ್ಲೋರಿನ್ ಸ್ವಲ್ಪ ಏರಿಸಿ. ಸೂರ್ಯ ಮುಳುಗಿದ ಮೇಲೆ ಮಿಷನ್ ಆಫ್ ಮಾಡಿ, ಪಂಪ್ ಓಡಲಿ, ಅಳೆದು ಬರೆದಿಡಿ. ಬೆಳಿಗ್ಗೆ ಬಿಸಿಲು ಬೀಳುವ ಮೊದಲೇ ಮತ್ತೆ ಅಳೆಯಿರಿ. ರಾತ್ರಿಯಿಡೀ 1 ಪಿಪಿಎಂಗಿಂತ ಜಾಸ್ತಿ ಇಳಿದಿದ್ದರೆ ನೀರಿನಲ್ಲಿ ಪಾಚಿ ಇದೆ, ಕಣ್ಣಿಗೆ ಕಾಣದಿದ್ದರೂ. ಇಳಿದಿಲ್ಲ ಎಂದರೆ ಕಳ್ಳ ಬಿಸಿಲು, ಸ್ಟೆಬಿಲೈಜರ್ ಅಳೆದು, ಕಮ್ಮಿ ಇದ್ದರೆ ಹಾಕಿ.

ಸ್ಟೆಬಿಲೈಜರ್ ಹಾಕಿ ಅಂದ್ರಲ್ಲ. ನಮ್ಮನೇಲಿ ಆಗಲೇ 5 ಕೆವಿಎದು ಇದೆ.

ಅದು ಕರೆಂಟಿನದು. ಇದು ನೀರಿನದು! ಹೆಸರು ಒಂದೇ ಆಗಿ ಈ ಗಲಿಬಿಲಿ. ಪೂಲ್‌ನವರು ಸ್ಟೆಬಿಲೈಜರ್ ಅನ್ನುವುದು ಸೈಯನ್ಯೂರಿಕ್ ಆಸಿಡ್ ಎಂಬ ಬಿಳಿ ಪುಡಿಯನ್ನು. ಬಿಸಿಲಿಗೆ ಕ್ಲೋರಿನ್ ಬೇಗ ಒಡೆಯದಂತೆ ಅದು ಹಿಡಿದಿಟ್ಟುಕೊಳ್ಳುತ್ತದೆ. ಸಾಲ್ಟ್ ಪೂಲ್‌ಗೆ ಸಾಮಾನ್ಯವಾಗಿ 60ರಿಂದ 80 ಪಿಪಿಎಂ ಹೇಳುತ್ತಾರೆ. ನಮ್ಮ ಪೂಲ್‌ಗೆ 70 ಬೇಕೆಂದರೆ ಸುಮಾರು 3.2 ಕಿಲೋ. ಬೇಗ ಕರಗುವ ಪುಡಿ ಅಲ್ಲ. ಹಳೇ ಕಾಲುಚೀಲದಲ್ಲಿ ಕಟ್ಟಿ ನೀರು ಬೀಳುವ ಬಾಯಿಯ ಮುಂದೆ ತೂಗಿಬಿಡಿ, ಆಗಾಗ ಹಿಸುಕಿ. ಟೆಸ್ಟ್‌ನಲ್ಲಿ ಪೂರ್ತಿ ಕಾಣಲು ಒಂದು ವಾರ ಬೇಕಾದೀತು. ಅದಕ್ಕೇ "ಏರಲೇ ಇಲ್ಲ" ಎಂದು ಮರುದಿನ ಇನ್ನೊಂದು ಪ್ಯಾಕೆಟ್ ಸುರಿಯಬೇಡಿ. 70 ಇಟ್ಟುಕೊಂಡವರು ಕ್ಲೋರಿನ್ 3ರಿಂದ 5ರ ನಡುವೆ ಇಡಬೇಕು. 1 ಇದ್ದರೆ ಸಾಕು ಎಂಬ ಹಳೇ ಮಾತು ಇಲ್ಲಿ ನಡೆಯುವುದಿಲ್ಲ.

ನೀರು ಹಸಿರಾಗಿದೆ. ಮಿಷನ್ ನೂರಕ್ಕೆ ನೂರು ಇಟ್ಟು ಎರಡು ದಿನ ಆಯ್ತು, ತಿಳಿಯಾಗ್ತಿಲ್ಲ.

ಆಗುವುದಿಲ್ಲ. ಮಿಷನ್ ದಿನದ ಖರ್ಚಿಗೆ ಇರುವುದು, ಪಾಚಿ ಕೂತ ಪೂಲ್ ಬಿಡಿಸಲು ಅಲ್ಲ. ಅದು ಮಾಡಿದಷ್ಟನ್ನೂ ಪಾಚಿ ಅಲ್ಲೇ ತಿನ್ನುತ್ತಿರುತ್ತದೆ, ಸೆಲ್‌ನ ಆಯಸ್ಸು ಸುಮ್ನೆ ಕರಗುತ್ತದೆ. ದ್ರವ ಹೈಪೋ ತನ್ನಿ. 10 ಶೇಕಡಾದ್ದು ಒಂದು ಲೀಟರ್ ಹಾಕಿದರೆ ನಮ್ಮ ಪೂಲ್‌ನಲ್ಲಿ 2 ಪಿಪಿಎಂ ಚಿಲ್ಲರೆ ಏರುತ್ತದೆ. ಹೈಪೋ ಹಳೆಯದಾದಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ, ಬಿಸಿಲಿನಲ್ಲಿ ಇಟ್ಟ ಕ್ಯಾನ್ ಬೇಡ. ಗೋಡೆ ಉಜ್ಜಿ, ಫಿಲ್ಟರ್ ಓಡಿಸಿ, ಸಂಜೆ ಸಂಜೆ ಹೈಪೋ ಹಾಕುತ್ತಾ ಹೋಗಿ. ಮೇಲೆ ಹೇಳಿದ ರಾತ್ರಿಯ ಪರೀಕ್ಷೆ ಪಾಸಾಗುವವರೆಗೆ ಬಿಡಬೇಡಿ.

ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆ ಇಲ್ಲಿ ಎಲ್ಲರ ಕೈಗೂ ಸಿಗುತ್ತದೆ. ಆದರೆ ಅದು ಕೊಡುವ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ ಸುಮಾರು 6 ಪಿಪಿಎಂ ಸೈಯನ್ಯೂರಿಕ್ ಆಸಿಡ್ ಕೂಡ ಸೇರುತ್ತದೆ. ಒಂದು ಬೇಸಿಗೆಯಲ್ಲಿ ಅದು 150 ದಾಟಿದ ಪೂಲ್ ನೋಡಿದ್ದೇನೆ. ಆಮೇಲೆ ಅರ್ಧ ನೀರು ಚೆಲ್ಲಬೇಕಾಯಿತು. ಇನ್ನೊಂದು ಮಾತು, ಇದು ತಮಾಷೆಯದ್ದಲ್ಲ: ಟಿಸಿಸಿಎ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಬಕೆಟ್ಟಿಗೆ, ಒಂದೇ ಚಮಚಕ್ಕೆ ಕೂಡ ತಾಗಬಾರದು. ಬೆಂಕಿ ಹತ್ತಬಹುದು, ಸಿಡಿಯಬಹುದು. ಆಸಿಡ್ ಮತ್ತು ಹೈಪೋ ಬೆರೆತರೆ ವಿಷದ ಕ್ಲೋರಿನ್ ಗ್ಯಾಸ್ ಬರುತ್ತದೆ.

ವಾಸನೆ ಘಾಟು ಹೊಡೀತಿದೆ, ಕಣ್ಣು ಉರೀತಿದೆ. ಕ್ಲೋರಿನ್ ಜಾಸ್ತಿ ಆಗಿರಬೇಕು, ಮಿಷನ್ ಆಫ್ ಮಾಡಲಾ?

ಬೇಡ, ಮೊದಲು ಅಳೆಯಿರಿ. ಆ ವಾಸನೆ ಹೆಚ್ಚಾಗಿ ಬೆವರು, ಮೂತ್ರದ ಜೊತೆ ಸೇರಿ ಸುಸ್ತಾದ ಕ್ಲೋರಿನ್‌ನದು. ಅಂದರೆ ಹೊಸ ಕ್ಲೋರಿನ್ ಸಾಲದೇ ಹೋಗಿದೆ. ಪಿಎಚ್ ಕೂಡ ನೋಡಿ.

## ಉಪ್ಪಿನ ದೀಪ

ಎರಡು ಚೀಲ ಉಪ್ಪು ಸುರಿದೆ, ಇನ್ನೂ "ಉಪ್ಪು ಕಡಿಮೆ" ಅಂತ ಕೆಂಪು ದೀಪ. ಇನ್ನೂ ಹಾಕ್ಲಾ?

ನಿಲ್ಲಿಸಿ! ಚೀಲ ಕೆಳಗಿಡಿ. ಈ ದೀಪ ಉಪ್ಪನ್ನು ನೇರವಾಗಿ ನೋಡುವುದಿಲ್ಲ ಎಂಬುದು ಗೊತ್ತಾದರೆ ಅರ್ಧ ಸಮಸ್ಯೆ ಮುಗಿಯಿತು. ಹೆಚ್ಚಿನ ಮಿಷನ್‌ಗಳು ಸೆಲ್‌ಗೆ ಇಷ್ಟು ವೋಲ್ಟ್ ಕೊಟ್ಟೆ, ಇಷ್ಟು ಆಂಪಿಯರ್ ಹರಿಯಿತು, ನೀರು ಇಷ್ಟು ಬಿಸಿ ಇದೆ, ಹಾಗಾದರೆ ಉಪ್ಪು ಇಷ್ಟಿರಬೇಕು ಎಂದು ಊಹೆ ಮಾಡುತ್ತವೆ. ಕರೆಂಟು ಹರಿಯುವುದು ಯಾವ ಕಾರಣಕ್ಕೆ ಕಮ್ಮಿಯಾದರೂ ಮಿಷನ್ ಬೈಯುವುದು ಉಪ್ಪನ್ನೇ.

ಕಾರಣಗಳು ಯಾವುವು? ಪ್ಲೇಟಿನ ಮೇಲೆ ಸುಣ್ಣ ಕಟ್ಟಿರಬಹುದು. ಸೆಲ್‌ನ ಪ್ಲಗ್ ಸಡಿಲವಾಗಿ, ಪಿನ್ನು ಕಪ್ಪಾಗಿ ಬಿಸಿಯಾಗುತ್ತಿರಬಹುದು. ನೀರು ತಣ್ಣಗಾದರೆ ಪ್ರತಿ ಡಿಗ್ರಿಗೆ ಸುಮಾರು 2 ಶೇಕಡಾ ಕರೆಂಟು ಕಮ್ಮಿ ಹರಿಯುತ್ತದೆ. ಮಿಷನ್ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಆದರೆ ತಾಪ ಅಳೆಯುವ ಸೆನ್ಸರ್ ಕೆಟ್ಟಿದ್ದರೆ ಆ ಲೆಕ್ಕವೇ ತಪ್ಪು. ಕೊನೆಯದಾಗಿ, ಪ್ಲೇಟಿನ ಲೇಪನ ಸವೆದಿರಬಹುದು. ಹಳೇ ಸೆಲ್ ಸಾಯುವ ಮೊದಲು ಹೇಳುವ ಮಾತೇ "ಉಪ್ಪು ಕಡಿಮೆ".

ಆದ್ದರಿಂದ ಉಪ್ಪನ್ನು ಬೇರೆ ದಾರಿಯಿಂದ ಅಳೆಯಿರಿ. ಸ್ಟ್ರಿಪ್ ಅಥವಾ ಹನಿ ಹಾಕುವ ಟೆಸ್ಟ್ 3,200 ಹೇಳಿ, ಮಿಷನ್ 2,300 ಹೇಳಿದರೆ ಸ್ಟ್ರಿಪ್ ನಂಬಿ. ಸೆಲ್ ಬಿಚ್ಚಿ ನೋಡಿ, ಸುಣ್ಣ ಇದ್ದರೆ ತೊಳೆಯಿರಿ, ಪ್ಲಗ್ ಒರೆಸಿ. ಆಮೇಲೂ ಹಾಗೇ ಇದ್ದು ಸೆಲ್‌ಗೆ ನಾಲ್ಕೈದು ವರ್ಷ ಆಗಿದ್ದರೆ ಅದರ ಕಾಲ ಮುಗಿಯಿತು. ಉಪ್ಪು ಹಾಕಿ ಹಾಕಿ ದೀಪ ಆರಿಸಿದವರಿದ್ದಾರೆ. ಅವರು ಹೊಸ ಸೆಲ್ ಹಾಕಿದ ದಿನ "ಉಪ್ಪು ಜಾಸ್ತಿ" ಎಂದು ಮಿಷನ್ ಆಫ್ ಆಗಿ, ನೀರು ಚೆಲ್ಲಿದ್ದಾರೆ.

ಮನೇಲಿ ಕುಡಿಯೋ ನೀರಿಗೆ ಟಿಡಿಎಸ್ ಮೀಟರ್ ಇದೆ. ಅದರಲ್ಲಿ ನೋಡಬಹುದಾ?

ನೋಡಬಹುದು, ಸ್ವಲ್ಪ ಬುದ್ಧಿ ಓಡಿಸಿ. ಅದು ಉಪ್ಪೊಂದನ್ನೇ ಅಲ್ಲ, ನೀರಿನಲ್ಲಿ ಕರಗಿದ ಎಲ್ಲವನ್ನೂ ಸೇರಿಸಿ ಹೇಳುತ್ತದೆ. ನಿಮ್ಮ ಬೋರ್‌ವೆಲ್ ನೀರೇ 900 ಇದ್ದರೆ, ಪೂಲ್ 3,900 ತೋರಿಸಿದಾಗ ಉಪ್ಪು 3,000ದ ಆಸುಪಾಸು. ತುಂಬಿಸುವ ಮೊದಲೇ ಬೋರ್ ನೀರನ್ನು ಅಳೆದು ಪಂಪ್ ರೂಮಿನ ಗೋಡೆಯ ಮೇಲೆ ಬರೆದಿಟ್ಟಿದ್ದರೆ ಈ ಲೆಕ್ಕ ಸುಲಭ. ವರ್ಷ ಕಳೆದಂತೆ ಆ ಕಳೆಯುವ ಅಂಕಿ ಬದಲಾಗುತ್ತದೆ, ಆಗ ಸ್ಟ್ರಿಪ್ಪೇ ವಾಸಿ.

ಮಳೆಗಾಲ ಬಂದ್ರೆ ಸಾಕು, ಉಪ್ಪು ಎಲ್ಲಿ ಹೋಗುತ್ತೋ ಗೊತ್ತಾಗಲ್ಲ.

ಮಲೆನಾಡಿನವರ ಪ್ರಶ್ನೆ ಇದು, ಬೆಂಗಳೂರಿನವರು ಅಷ್ಟಾಗಿ ಕೇಳುವುದಿಲ್ಲ. ಲೆಕ್ಕ ನೋಡಿ. ನಮ್ಮ ಪೂಲ್‌ನ ಬಾಯಿ 32 ಚದರ ಮೀಟರ್. ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ 3,200 ಲೀಟರ್ ಸಿಹಿ ನೀರು ಒಳಗೆ, ತುಂಬಿದ ಪೂಲ್ ಆದರೆ ಅಷ್ಟೇ ನೀರು ಹೊರಗೆ. ಒಂದು ಮಳೆಗಾಲದಲ್ಲಿ 3,000 ಮಿಲಿಮೀಟರ್ ಸುರಿಯುವ ಊರಿನಲ್ಲಿ 96 ಸಾವಿರ ಲೀಟರ್, ಅಂದರೆ ಇಡೀ ಪೂಲ್‌ನ ಎರಡರಷ್ಟು. ಆಗುಂಬೆಯ ಕಡೆ 7,000 ದಾಟುತ್ತದೆ, ಅಲ್ಲಿನ ಲೆಕ್ಕ ನೀವೇ ಹಾಕಿಕೊಳ್ಳಿ.

ನನ್ನ ಸಲಹೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಹಿಂದೆ ಓಡಬೇಡಿ. ಮಿಷನ್ ಆಫ್ ಮಾಡಿ, ಹೈಪೋದಲ್ಲಿ ನಡೆಸಿ, ಮಳೆ ಕಮ್ಮಿಯಾದ ಮೇಲೆ ಒಮ್ಮೆ ಅಳೆದು ಉಪ್ಪು ತುಂಬಿ. ಕವರ್ ಹಾಕುವುದಾದರೆ ಇನ್ನೂ ಒಳ್ಳೆಯದು. ಮಳೆ ನೀರಿನಲ್ಲಿ ಸೈಯನ್ಯೂರಿಕ್ ಆಸಿಡ್ ಕೂಡ ಕೊಚ್ಚಿ ಹೋಗುತ್ತದೆ, ಅದನ್ನೂ ಅಳೆಯಿರಿ. ಮಳೆಯಿಂದ ಒಂದು ಲಾಭವೂ ಇದೆ, ಅದು ಮುಂದಿನ ಭಾಗದಲ್ಲಿ.

## ಸುಣ್ಣ ಮತ್ತು ಪಿಎಚ್

ಪ್ಲೇಟಿನ ಮೇಲೆ ಬಿಳಿ ಗಟ್ಟಿ ಪದರ. ಸ್ಕ್ರೂಡ್ರೈವರ್‌ನಲ್ಲಿ ಕೆರೆದು ತೆಗೀತಿದೀನಿ, ಸರಿನಾ?

ಅಯ್ಯೋ, ಬೇಡ. ಸುಣ್ಣದ ಜೊತೆ ಲೇಪನವೂ ಎದ್ದು ಬರುತ್ತದೆ. ಲೇಪನ ಹೋದ ಟೈಟಾನಿಯಂ ಕ್ಲೋರಿನ್ ಮಾಡುವುದಿಲ್ಲ.

ಗೀಸರ್ ಕಾಯಿಲ್ ಮೇಲೆ ಕಟ್ಟುವ ಪದರ ನೋಡಿದ್ದೀರಲ್ಲ, ಅದೇ ಇದು. ತೆಗೆಯುವ ಕ್ರಮ ಹೀಗೆ. ಮೇನ್ ಆಫ್ ಮಾಡಿ, ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ಸೆಲ್ ಬಿಚ್ಚಿ. ಮೊದಲು ಪೈಪಿನ ನೀರು ರಭಸವಾಗಿ ಬಿಟ್ಟು ನೋಡಿ, ಸಡಿಲ ಇದ್ದದ್ದು ಅಲ್ಲೇ ಹೋಗುತ್ತದೆ. ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಬಹುದು. ಉಳಿದದ್ದಕ್ಕೆ ಆಸಿಡ್. ನಾಲ್ಕು ಪಾಲು ನೀರಿಗೆ ಒಂದು ಪಾಲು ಮ್ಯೂರಿಯಾಟಿಕ್ (ಅಂದರೆ ಹೈಡ್ರೋಕ್ಲೋರಿಕ್) ಆಸಿಡ್. ಬಕೆಟ್ಟಿಗೆ ಮೊದಲು ನೀರು, ಆಮೇಲೆ ಆಸಿಡ್. ತಿರುಗಾಮುರುಗಾ ಮಾಡಿದರೆ ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು, ಕೆಲಸ ಬಯಲಲ್ಲೇ ಆಗಬೇಕು. ಪಂಪ್ ರೂಮಿನೊಳಗೆ ಈ ಕೆಲಸ ಬೇಡ. ಸೆಲ್‌ನ ಒಂದು ಬಾಯಿ ಮುಚ್ಚಿ ಒಳಗೆ ದ್ರವ ಸುರಿಯಿರಿ, ವೈರಿನ ಕಡೆ ನೆನೆಯಬಾರದು. ನೊರೆ ಬರುತ್ತದೆ. ನೊರೆ ನಿಂತರೆ ಸುಣ್ಣ ಮುಗಿಯಿತು. 10 ರಿಂದ 15 ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ. ರಾತ್ರಿಯಿಡೀ ನೆನೆಸಿಟ್ಟು ಸೆಲ್ ಕೊಂದವರಿದ್ದಾರೆ.

ತೆಳು ಪದರಕ್ಕೆ ಬಿಳಿ ವಿನೆಗರ್ ಕೂಡ ಆಗುತ್ತದೆ, ನಿಧಾನ ಅಷ್ಟೇ. ಆಸಿಡ್ ಪ್ರತಿ ಸಲವೂ ಲೇಪನವನ್ನು ಚೂರು ಚೂರು ತಿನ್ನುತ್ತದೆ. ಆದ್ದರಿಂದ ಕಂಡರೆ ತೊಳೆಯಿರಿ, "ತಿಂಗಳಿಗೊಮ್ಮೆ ತೊಳೆಯೋಣ" ಎಂಬ ವ್ರತ ಬೇಡ.

ತೊಳೆದು ತಿಂಗಳಾಗಲ್ಲ, ಮತ್ತೆ ಕಟ್ಟುತ್ತೆ. ಮಿಷನ್ ತಾನೇ ಕ್ಲೀನ್ ಮಾಡ್ಕೊಳ್ಳುತ್ತೆ ಅಂದಿದ್ರು.

ಮಾಡಿಕೊಳ್ಳುತ್ತದೆ. ಕೆಲವು ಗಂಟೆಗೊಮ್ಮೆ ಪ್ಲೇಟುಗಳ ಪ್ಲಸ್ಸು ಮೈನಸ್ಸು ಅದಲುಬದಲಾಗುತ್ತವೆ, ಮೈನಸ್ ಕಡೆ ಕಟ್ಟಿದ ಸುಣ್ಣ ಆಗ ಉದುರುತ್ತದೆ. ಪೂಲ್ ತಳದಲ್ಲಿ ಬಿಳಿ ಚೂರು, ಮೊಟ್ಟೆ ಚಿಪ್ಪಿನಂಥದು ಕಂಡರೆ ಅದೇ. ಆದರೆ ಬೋರ್ ನೀರಿನ ಗಡಸುತನ 600, 700 ಇರುವ ಕಡೆ ಈ ಉಪಾಯ ಸೋಲುತ್ತದೆ. ಪೂಲ್‌ಗೆ 200ರಿಂದ 400 ಇದ್ದರೆ ಚೆನ್ನ. ನೀರು ಆವಿಯಾಗುತ್ತದೆ, ಸುಣ್ಣ ಉಳಿಯುತ್ತದೆ, ನಾವು ಮತ್ತೆ ಅದೇ ಬೋರ್ ನೀರು ತುಂಬುತ್ತೇವೆ, ಅಂದರೆ ಪ್ರತಿ ಬೇಸಿಗೆಗೆ ಇನ್ನಷ್ಟು ಗಡಸು.

ಇಲ್ಲಿ ಮಳೆ ಕೈಹಿಡಿಯುತ್ತದೆ. ಚಾವಣಿಯ ಮಳೆ ನೀರಿನಲ್ಲಿ ಸುಣ್ಣ ಇಲ್ಲವೇ ಇಲ್ಲ ಎನ್ನಬಹುದು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಳೆ ನೀರಿನ ಸಂಪು ಹೇಗೂ ಇದೆ. ಪೂಲ್ ಟಾಪ್‌ಅಪ್‌ಗೆ ಅದನ್ನೇ ಬಳಸಿ, ಸಾಲದಾಗ ಸಾಫ್ಟ್‌ನರ್ ನೀರು. ಜೊತೆಗೆ ಪಿಎಚ್ 7.6ರ ಒಳಗೇ ಇಡಿ.

ಪಿಎಚ್ ಇಳಿಸಿದಷ್ಟೂ ಏರುತ್ತೆ. ವಾರಕ್ಕೆ ಎರಡು ಸಲ ಆಸಿಡ್ ಹಾಕೋದೇ ಆಯ್ತು.

ಸಾಲ್ಟ್ ಪೂಲ್‌ನ ಸ್ವಭಾವ ಇದು. ಸೆಲ್‌ನ ಹೈಡ್ರೋಜನ್ ಗುಳ್ಳೆಗಳು ನೀರನ್ನು ಕಲಕಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಓಡಿಸುತ್ತವೆ, ಪಿಎಚ್ ಏರುತ್ತದೆ. ಕಾರಂಜಿ, ನೀರು ಧುಮುಕುವ ಗೋಡೆ ಇದ್ದರೆ ಇನ್ನೂ ಬೇಗ. ನಿಜವಾದ ಮದ್ದು ಟೋಟಲ್ ಆಲ್ಕಲಿನಿಟಿ, ಅಂದರೆ ನೀರಿನಲ್ಲಿ ಕರಗಿದ ಕ್ಷಾರದ ಅಳತೆ, ಇಳಿಸುವುದು. ಬೋರ್ ನೀರಿನಲ್ಲಿ ಅದು 250, 300 ಇರುವುದು ಮಾಮೂಲು. ಆಸಿಡ್ ಹಾಕಿ ಪಿಎಚ್ 7.2ಕ್ಕೆ ತನ್ನಿ, ಅದು ತಾನೇ ಏರಲಿ, ಮತ್ತೆ ಇಳಿಸಿ. ಹೀಗೆ ಮಾಡುತ್ತಾ ಆಲ್ಕಲಿನಿಟಿ 60ರಿಂದ 80ಕ್ಕೆ ಬಂದ ಮೇಲೆ ಆಸಿಡ್ ಖರ್ಚು ಎದ್ದು ಕಾಣುವಷ್ಟು ಇಳಿಯುತ್ತದೆ. ನಮ್ಮ ಗಾತ್ರದ ಪೂಲ್‌ಗೆ ಒಮ್ಮೆಗೆ ಅರ್ಧ ಲೀಟರಿಗಿಂತ ಜಾಸ್ತಿ ಬೇಡ, ನೀರು ಬೀಳುವ ಬಾಯಿಯ ಮುಂದೆ ಹನಿಸಿ, ಒಂದು ಗಂಟೆ ಬಿಟ್ಟು ಅಳೆಯಿರಿ.

## ಕರೆಂಟು, ವೈರು, ಬೋರ್ಡು

"ನೋ ಫ್ಲೋ" ಅಂತ ಬರ್ತಿದೆ. ಆದರೆ ಪಂಪ್ ಓಡ್ತಾನೇ ಇದೆ!

ಪಂಪ್ ಓಡುವುದು ಬೇರೆ, ನೀರು ಹರಿಯುವುದು ಬೇರೆ. ಸ್ಕಿಮ್ಮರ್ ಬುಟ್ಟಿಯಲ್ಲಿ ಎಲೆ, ಪಂಪ್ ಬುಟ್ಟಿಯಲ್ಲಿ ಕಸ, ಫಿಲ್ಟರ್ ಒತ್ತಡ ಇವಿಷ್ಟು ನೋಡಿ. ನೀರಿನ ಮಟ್ಟ ಇಳಿದು ಪಂಪ್ ಗಾಳಿ ಎಳೆಯುತ್ತಿದ್ದರೂ ಹೀಗೇ ಆಗುತ್ತದೆ. ಇವೆಲ್ಲ ಸರಿ ಇದ್ದರೆ, ನೀರು ಹರಿಯುತ್ತಿದೆಯಾ ಎಂದು ಮಿಷನ್‌ಗೆ ಹೇಳುವ ಫ್ಲೋ ಸ್ವಿಚ್ ಬಿಚ್ಚಿ. ಒಳಗಿನ ಎಲೆಯಂಥ ಪಟ್ಟಿಗೆ ಕೂದಲು, ನಾರು ಸಿಕ್ಕಿರುತ್ತದೆ. ಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇರಬೇಕು. ಹೋದ ವರ್ಷ ಪ್ಲಂಬರ್ ಬಂದು ಪೈಪ್ ಬದಲಿಸಿದ್ದರೆ ಇದನ್ನೇ ಮೊದಲು ನೋಡಿ. ಕೊನೆಗೆ ಮಲ್ಟಿಮೀಟರ್: ಸ್ವಿಚ್ಚಿನ ವೈರನ್ನು ಮಿಷನ್‌ನಿಂದ ಕಳಚಿ ಬೀಪ್ ಇಟ್ಟು ನೋಡಿ. ಸಾಮಾನ್ಯ ಎರಡು ವೈರಿನ ಸ್ವಿಚ್ ನೀರು ಹರಿದಾಗ ಬೀಪ್ ಅನ್ನಬೇಕು, ನಿಂತಾಗ ಸುಮ್ಮನಾಗಬೇಕು.

ಎಲೆಕ್ಟ್ರಿಷಿಯನ್ ಫ್ಲೋ ಸ್ವಿಚ್ ಡೈರೆಕ್ಟ್ ಮಾಡಿಕೊಟ್ಟ. ಈಗ ಚೆನ್ನಾಗಿ ಓಡ್ತಿದೆ.

ಈಗಲೇ ಹೋಗಿ ಆಫ್ ಮಾಡಿ. ನೀರು ನಿಂತಿದ್ದೂ ಸೆಲ್ ಓಡಿದರೆ ಹೈಡ್ರೋಜನ್ ಪೈಪಿನಲ್ಲಿ, ಫಿಲ್ಟರ್‌ನಲ್ಲಿ ತುಂಬುತ್ತದೆ. ಅದು ಸಿಡಿಯುವ ಗ್ಯಾಸ್. ಮಿಷನ್‌ನ ಕರೆಂಟು ಪಂಪ್ ಟೈಮರ್ ಆದ ಮೇಲಿಂದಲೇ ಬರಬೇಕು, ಪಂಪ್ ನಿಂತರೆ ಅದೂ ಸಾಯಬೇಕು. ಫ್ಲೋ ಸ್ವಿಚ್ ಎರಡನೇ ಕಾವಲು.

ನಿನ್ನೆ ಕರೆಂಟ್ ಹೋಗಿ ಬಂತು. ಮಿಷನ್‌ನಲ್ಲಿ ಒಂದು ದೀಪನೂ ಇಲ್ಲ.

ಮೊದಲು ಎಂಸಿಬಿ, ಆರ್‌ಸಿಸಿಬಿ ಬಿದ್ದಿದೆಯಾ ನೋಡಿ. ಆರ್‌ಸಿಸಿಬಿ ಎತ್ತಿದಷ್ಟೂ ಬೀಳುತ್ತಿದ್ದರೆ ಎಲ್ಲೋ ಲೀಕೇಜ್ ಇದೆ, ಅದನ್ನು ತಪ್ಪಿಸಿ ಸಂಪರ್ಕ ಕೊಡುವ ಜಾಣತನ ಬೇಡ. ಆಮೇಲೆ ಮಿಷನ್‌ನ ಫ್ಯೂಸ್. ಪೆಟ್ಟಿಗೆಯೊಳಗೆ 230 ವೋಲ್ಟ್ ಇರುತ್ತದೆ, ಮೇನ್ ಆಫ್ ಮಾಡದೆ ಮುಚ್ಚಳ ತೆಗೆಯಬೇಡಿ. ನಿಮಗೆ ಕೈ ಕುದುರದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ.

ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರ್‌ನದ್ದು ಹಾಕಿ. ಮತ್ತೆ ಹೋದರೆ ಬೋರ್ಡಿನಲ್ಲಿ ತಪ್ಪಿದೆ. ಹಾಗೇ ಒಳಗೆ ಹಲ್ಲಿ, ಇರುವೆ ನೋಡಿ. ನಗಬೇಡಿ! ಬೆಚ್ಚಗಿನ ಪೆಟ್ಟಿಗೆ ಅಂದರೆ ಅವಕ್ಕೆ ಪಂಚಪ್ರಾಣ. ಒಂದು ಹೋಮ್‌ಸ್ಟೇಯಲ್ಲಿ ರಿಲೇ ಒಳಗೆ ಇರುವೆ ಗೂಡು ಕಟ್ಟಿ ಕಾಂಟ್ಯಾಕ್ಟ್ ಕೂರುತ್ತಲೇ ಇರಲಿಲ್ಲ. ಬ್ರಷ್‌ನಲ್ಲಿ ಗುಡಿಸಿ, ಕೇಬಲ್ ಬರುವ ತೂತು ಮುಚ್ಚಿದೆ, ಅಷ್ಟೇ ರಿಪೇರಿ. ಹೊರದೇಶದಿಂದ ತಂದ ಮಿಷನ್ ಆದರೆ ಒಳಗಿನ ವೈರು 120ಕ್ಕೆ ಇದೆಯೋ 240ಕ್ಕೋ ನೋಡಿಕೊಳ್ಳಿ. ಹಳ್ಳಿ ಕಡೆ ಬೇಸಿಗೆ ಸಂಜೆ ವೋಲ್ಟೇಜು 180ಕ್ಕೆ ಇಳಿದರೂ ಮಿಷನ್ ತಪ್ಪು ಓದುತ್ತದೆ. ಇಲ್ಲಿ ಮಾತ್ರ ನೀವು ಹೇಳಿದ ಆ ಕರೆಂಟಿನ ಸ್ಟೆಬಿಲೈಜರ್ ಬೇಕು!

ಬೋರ್ಡಿನಲ್ಲಿ ಒಂದು ಕಪ್ಪು ಬಿಲ್ಲೆ ಸುಟ್ಟಿದೆ. ಹೊಸ ಬೋರ್ಡೇ ಹಾಕಿ ಅಂತಾರೆ. ಟಿವಿ ರಿಪೇರಿಯವರು ಮಾಡ್ತಾರಾ?

ಬಹುಶಃ ಮಾಡುತ್ತಾರೆ. ಆ ಬಿಲ್ಲೆ ಶುರುವಿನಲ್ಲಿ ನುಗ್ಗುವ ಕರೆಂಟನ್ನು ತಡೆಯುವ ಥರ್ಮಿಸ್ಟರ್. ಓಡುವಾಗ ಬಿಸಿಯಾಗುವುದೇ ಅದರ ಕೆಲಸ, ಹಾಗಾಗಿ ವರ್ಷಗಳು ಕಳೆದಂತೆ ಬೆಸುಗೆ ಬಿರುಕು ಬಿಡುತ್ತದೆ, ಬೋರ್ಡು ಕಂದಾಗುತ್ತದೆ. ಅದರ ಮೇಲಿನ ನಂಬರ್ ಓದಿ, ಅದೇ ಅಳತೆಯದ್ದನ್ನು ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹುಡುಕಿ. ಬೋರ್ಡಿನ ಬೆಲೆಗೆ ಹೋಲಿಸಿದರೆ ಅದು ಚಿಲ್ಲರೆ ಕಾಸು. ಹಾಕುವಾಗ ಕಾಲು ಉದ್ದ ಬಿಟ್ಟು ಬೋರ್ಡಿನಿಂದ ಸ್ವಲ್ಪ ಎತ್ತರಕ್ಕೆ ಬೆಸೆಯಲು ಹೇಳಿ, ಶಾಖ ತಾಗುವುದಿಲ್ಲ. ವಾರಂಟಿ ಇದ್ದರೆ ಮಾತ್ರ ಮುಟ್ಟಬೇಡಿ, ಕಂಪನಿಗೇ ಕಳಿಸಿ. ಡಿಸ್‌ಪ್ಲೇ, ಚಿಪ್ಪು ಹೋಗಿದ್ದರೆ ಹೊಸ ಬೋರ್ಡೇ ಗತಿ.

ಕೆಟ್ಟಿದ್ದು ಸೆಲ್ಲೋ ಬೋರ್ಡೋ, ಹೇಗೆ ಗೊತ್ತಾಗುತ್ತೆ?

ಮಿಷನ್ ಕ್ಲೋರಿನ್ ಮಾಡುವ ಹೊತ್ತಿನಲ್ಲಿ ಸೆಲ್‌ಗೆ ಹೋಗುವ ಡಿಸಿ ವೋಲ್ಟ್ ಮತ್ತು ಆಂಪಿಯರ್ ನೋಡಬೇಕು. ಕೆಲವು ಮಿಷನ್‌ಗಳು ಡಿಸ್‌ಪ್ಲೇಯಲ್ಲೇ ತೋರಿಸುತ್ತವೆ. ವೋಲ್ಟೇ ಇಲ್ಲ ಎಂದರೆ ಬೋರ್ಡು, ಟ್ರಾನ್ಸ್‌ಫಾರ್ಮರ್ ಕಡೆ ಹೋಗಿ. ವೋಲ್ಟ್ ಪುಸ್ತಕದಲ್ಲಿದ್ದಷ್ಟೇ ಇದೆ, ಆಂಪಿಯರ್ ತೀರಾ ಕಮ್ಮಿ, ಉಪ್ಪು ಸರಿ, ಪ್ಲೇಟು ಚೊಕ್ಕ ಎಂದರೆ ಸೆಲ್ ಹೋಗಿದೆ. ಅಳೆಯಲು ಡಿಸಿ ಕ್ಲ್ಯಾಂಪ್ ಮೀಟರ್ ಬೇಕು. ಸಾಮಾನ್ಯವಾಗಿ ಎಲ್ಲರ ಬಳಿ ಇರುವುದು ಎಸಿ ಕ್ಲ್ಯಾಂಪ್. ಅದು ಇಲ್ಲಿ ಸೊನ್ನೆ ತೋರಿಸುತ್ತದೆ, ಒಳ್ಳೇ ಸೆಲ್ ಗುಜರಿಗೆ ಹೋಗುತ್ತದೆ.

ಒಂದು ಸೆಲ್ ಎಷ್ಟು ವರ್ಷ ಬರಬೇಕು?

ವರ್ಷ ಅಲ್ಲ, ಗಂಟೆ ಲೆಕ್ಕ. ಹೆಸರಾಂತ ಸೆಲ್‌ಗಳಿಗೆ ಸುಮಾರು 10,000 ಗಂಟೆ ಹೇಳುತ್ತಾರೆ. ದಿನಕ್ಕೆ 8 ಗಂಟೆ ಪೂರ್ತಿ ಓಡಿದರೆ 1,250 ದಿನ, ಮೂರೂವರೆ ವರ್ಷದ ಹತ್ತಿರ. 50 ಶೇಕಡಾಕ್ಕೆ ಇಟ್ಟರೆ ಸೆಲ್ ಅರ್ಧ ಹೊತ್ತು ಮಾತ್ರ ಉರಿಯುತ್ತದೆ, ಆಯಸ್ಸು ಎರಡರಷ್ಟು. ದೊಡ್ಡ ಸೆಲ್ ಕೊಂಡವರ ಲಾಭ ಇಲ್ಲಿ ಕಾಣುತ್ತದೆ.

ಟೈಮರ್ ಹಗಲಿಗೆ ಇಟ್ಟಿದ್ದೆ, ಈಗ ರಾತ್ರಿ ಓಡ್ತಿದೆ. ಯಾರೂ ಮುಟ್ಟಿಲ್ಲ.

ಮುಟ್ಟಿದ್ದು ಪವರ್ ಕಟ್. ಚಕ್ರ ತಿರುಗುವ ಟೈಮರ್ ಕರೆಂಟು ಹೋದಷ್ಟು ಹೊತ್ತು ನಿಂತೇ ಇರುತ್ತದೆ. ದಿನಕ್ಕೆ ಎರಡು ಗಂಟೆ ಕಟ್ ಆದರೆ ಆರು ದಿನಕ್ಕೆ 12 ಗಂಟೆ ಹಿಂದೆ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿಸಿ.

ಬ್ಯಾಕ್‌ವಾಶ್ ನೀರನ್ನ ಅಡಿಕೆ ಮರಕ್ಕೆ ಬಿಡಬಹುದಾ? ನೀರು ಸುಮ್ನೆ ಹಾಳಾಗುತ್ತಲ್ಲ.

ಬಿಡಬೇಡಿ. 3,000 ಪಿಪಿಎಂ ಉಪ್ಪು ನೀರು ಅಡಿಕೆ, ಕಾಫಿ, ಮೆಣಸಿನ ಬಳ್ಳಿ ಯಾವುದಕ್ಕೂ ಹಿಡಿಸುವುದಿಲ್ಲ. ತೆಂಗು ಸ್ವಲ್ಪ ತಡೆಯುತ್ತದೆ, ಅದಕ್ಕೂ ದಿನಾ ಬೇಡ. ಬಾವಿಯ ಹತ್ತಿರ ಇಂಗಿಸುವುದಂತೂ ಬೇಡವೇ ಬೇಡ, ತಿರುಗಿ ನಿಮ್ಮ ಕುಡಿಯುವ ನೀರಿಗೇ ಬರುತ್ತದೆ. ನೀರು ಉಳಿಸಬೇಕೆಂದರೆ ಬ್ಯಾಕ್‌ವಾಶ್ ಬೇಕಿಲ್ಲದ ಕಾರ್ಟ್ರಿಜ್ ಫಿಲ್ಟರ್ ಹಾಕಿಸಿ. ಉಪ್ಪೂ ಉಳಿಯುತ್ತದೆ.